ಚಡಾವಿನಲ್ಲಿ ಟ್ರೇಲರ್ ಎಳೆಯುವುದು ಯಾವುದು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆಗೊಂದು ಜೀಪು ಬಂತೆಂದರೆ ಅದು ಮನೆಮಂದಿಯನ್ನೂ ಹೊರಬೇಕು, ತೋಟದ ಕೆಲಸಕ್ಕೂ ಒದಗಬೇಕು. ಬೆಳಿಗ್ಗೆ ಮೈಲುತುತ್ತ, ಸುಣ್ಣ, ಡ್ರಮ್ಮು ಹೇರಿಕೊಂಡು ಅಡಿಕೆಗೆ ಔಷಧಿ ಹೊಡೆಯುವವರ ಜೊತೆ ತೋಟಕ್ಕಿಳಿದ ಗಾಡಿಯೇ ಸಂಜೆ ಅಜ್ಜಿಯನ್ನು ಕೂರಿಸಿಕೊಂಡು ಹರಿಹರಪುರಕ್ಕೆ ಹೊರಡುತ್ತದೆ. ಹಿಂದೆ ಸಣ್ಣ ಟ್ರೇಲರ್ ಕಟ್ಟಿ, ಟೆಂಟು, ಪಾತ್ರೆಪಗಡಿ ತುಂಬಿಕೊಂಡು ಮಕ್ಕಳೊಂದಿಗೆ ಎಲ್ಲಾದರೂ ಎರಡು ರಾತ್ರಿ ತಂಗಿ ಬರುವ ಆಸೆಯೂ ಈಗ ಇದಕ್ಕೆ ಸೇರಿಕೊಂಡಿದೆ. ಇಂಥ ಗಾಡಿ ಕೊಳ್ಳಲು ಹೋದಾಗ ಮೊದಲು ವಿಚಾರಿಸುವುದು ಇಂಜಿನ್ನಿನ ಶಕ್ತಿಯನ್ನು. ಆದರೆ ಮಳೆಗಾಲದ ಮಲೆನಾಡಿನಲ್ಲಿ ಇಂಜಿನ್ ಸೋತು ನಿಂತ ಗಾಡಿಗಳು ಕಡಿಮೆ. ಟೈರು ಜಾರಿ ನಿಂತವೇ ಹೆಚ್ಚು.

ಟೈರು ಎಷ್ಟು ಬಲವಾಗಿ ನೆಲವನ್ನು ಒದ್ದು ಮುಂದೆ ಸಾಗಬಲ್ಲದು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಮೇಲೆ ಬಿದ್ದ ಭಾರ ಮತ್ತು ಟೈರಿಗೂ ನೆಲಕ್ಕೂ ನಡುವಿನ ಘರ್ಷಣಾಂಕ. ಒಣಗಿದ ಟಾರಿನ ಮೇಲೆ ಘರ್ಷಣಾಂಕ ಸುಮಾರು 0.7ರಿಂದ 0.8. ಪುಷ್ಯ ಮಳೆಗೆ ನೆನೆದ ಕೆಮ್ಮಣ್ಣಿನ ಮೇಲೆ 0.3 ಸಿಕ್ಕರೆ ಪುಣ್ಯ.

ಈ 0.3 ಇಟ್ಟುಕೊಂಡೇ ಲೆಕ್ಕ ಹಾಕೋಣ. ಜೀಪಿನ ತೂಕ 1,750 ಕೆ.ಜಿ. ಇರಲಿ. ನಾಲ್ಕೂ ಚಕ್ರ ಎಳೆದರೆ, 10 ಅಡಿಗೆ 3 ಅಡಿ ಏರುವ ದಾರಿಯನ್ನು ಅದು ಹತ್ತಬಲ್ಲದು. ಹಿಂದಿನ ಎರಡೇ ಚಕ್ರ ಎಳೆಯುವ ಗಾಡಿಯಲ್ಲಿ ಅವುಗಳ ಮೇಲಿರುವುದು ಹೆಚ್ಚುಕಡಿಮೆ ಅರ್ಧ ಭಾರ. ಏರು ಒಂದೂವರೆ ಅಡಿ ದಾಟುವಷ್ಟರಲ್ಲಿ ಚಕ್ರ ನಿಂತಲ್ಲೇ ಸುತ್ತತೊಡಗುತ್ತದೆ. ಈಗ 750 ಕೆ.ಜಿ.ಯ ಟ್ರೇಲರ್ ಕಟ್ಟಿ. ಎಳೆಯಬೇಕಾದ ತೂಕ 2,500 ಕೆ.ಜಿ. ಆಯಿತು, ಹಿಡಿತ ಕೊಡುವ ಭಾರ ಮಾತ್ರ ಜೀಪಿನದಷ್ಟೇ. ಟ್ರೇಲರಿನ ಚಕ್ರಗಳು ಸುಮ್ಮನೆ ಉರುಳುತ್ತವೆ. 3 ಅಡಿ ಹತ್ತುತ್ತಿದ್ದ ಗಾಡಿ 2 ಅಡಿಗೆ ಇಳಿಯಿತು, ಎರಡು ಚಕ್ರದ್ದು 1 ಅಡಿಗೆ. ಕೆಸರಿನಲ್ಲಿ ಉರುಳುವುದಕ್ಕೇ ತಗಲುವ ಬಲವನ್ನು ಕಳೆದರೆ ಇನ್ನೂ ಕಡಿಮೆ. ಇಷ್ಟು ಲೆಕ್ಕದಲ್ಲಿ ಇಂಜಿನ್ನಿನ ಹೆಸರೇ ಬರಲಿಲ್ಲ.

ಒಂಟಿ ಗಾಡಿಯಲ್ಲಿ ಎಳೆಯಬೇಕಾದ ತೂಕವೂ ಹಿಡಿತ ಕೊಡುವ ಭಾರವೂ ಒಂದೇ. ಅದಕ್ಕೇ ಮಾರುತಿ ಜಿಮ್ನಿಯಂಥ ಸುಮಾರು 1,200 ಕೆ.ಜಿ.ಯ ಗಾಡಿ ಒಂಟಿಯಾಗಿ ದೊಡ್ಡ ಗಾಡಿಗೆ ಸರಿಸಮ ಹತ್ತುತ್ತದೆ, ಹಗುರವಾದ್ದರಿಂದ ಕೆಸರಿನಲ್ಲಿ ಹೂಳುವುದೂ ಕಡಿಮೆ. ಹಿಂದೆ ಭಾರ ಕಟ್ಟಿದೊಡನೆ ಅದರ ಅನುಕೂಲವೆಲ್ಲ ಕರಗುತ್ತದೆ.

‘ಫೋರ್ ವೀಲ್ ಹಾಕಿದರೂ ಹತ್ತಲಿಲ್ಲ’ ಎಂಬ ಮಾತು ನಮ್ಮ ಕಡೆ ಹೊಸತಲ್ಲ. ಮಳೆನೀರು ಕೊರೆದ ತೋಟದ ದಾರಿಯಲ್ಲಿ ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರ ಒಟ್ಟಿಗೇ ನೆಲ ಬಿಟ್ಟವು ಎನ್ನಿ. ಸಾದಾ ಡಿಫರೆನ್ಷಿಯಲ್ ಎರಡು ಬದಿಗೂ ಸಮನಾದ ತಿರುಚುಬಲ ಕೊಡುತ್ತದೆ. ಗಾಳಿಯಲ್ಲಿರುವ ಚಕ್ರ ತಿರುಗಲು ಬೇಕಾದದ್ದು ಅತ್ಯಲ್ಪ. ನೆಲದ ಮೇಲಿರುವುದಕ್ಕೂ ಸಿಗುವುದು ಅಷ್ಟೇ. ಎರಡು ಚಕ್ರ ಗಿರ್ರನೆ ತಿರುಗುತ್ತವೆ, ಇನ್ನೆರಡು ಅಲುಗುವುದಿಲ್ಲ. ಡಿಫರೆನ್ಷಿಯಲ್ ಲಾಕ್, ಅಥವಾ ಸುತ್ತುವ ಚಕ್ರಕ್ಕೆ ತಾನಾಗಿಯೇ ಬ್ರೇಕ್ ಹಿಡಿಯುವ ಏರ್ಪಾಡು ಇದ್ದರೆ ಗಾಡಿ ಪಾರಾಗುತ್ತದೆ. ಕೊಳ್ಳುವಾಗ ನಾನು ಮೊದಲು ಕೇಳುವುದು ಇದನ್ನೇ.

ಆಮೇಲೆ ಲೋ ಗೇರ್. ಇದು ಚಕ್ರಕ್ಕೆ ಸೇರುವ ತಿರುಚುಬಲವನ್ನು ಎರಡರಿಂದ ಎರಡೂವರೆ ಪಟ್ಟು ಹೆಚ್ಚಿಸಿ ವೇಗವನ್ನು ಅಷ್ಟೇ ಇಳಿಸುತ್ತದೆ. ಇದರ ಬೆಲೆ ಗೊತ್ತಾಗುವುದು ಇಳಿಜಾರಿನಲ್ಲಿ. ಬ್ರೇಕ್ ಎಲ್ಲ ಕಾರುಗಳಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಬ್ರೇಕ್ ಹಿಡಿಯುವಾಗ ಫೋರ್ ವೀಲ್ ಗಾಡಿಗೆ ಹೆಚ್ಚಿನ ಹಿಡಿತವೇನೂ ಇಲ್ಲ. ಬ್ರೇಕಿಲ್ಲದ ಟ್ರೇಲರ್ ಬೇರೆ ಹಿಂದಿನಿಂದ ನೂಕುತ್ತಿರುತ್ತದೆ. ತಿರುವಿನಲ್ಲಿ ಜೀಪಿನ ಹಿಂಭಾಗ ಜಾರಿತೋ, ಎರಡೂ ಚಾಕುವಿನಂತೆ ಮಡಚಿಕೊಳ್ಳುತ್ತವೆ. ಲೋ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆದು ನಿಧಾನಕ್ಕೆ ಇಳಿಸುತ್ತದೆ. ಟ್ರೇಲರಿನ ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು. ಹಿಂದಕ್ಕೆ ಹೇರಿದರೆ ವೇಗದಲ್ಲಿ ಅದು ಬಾಲ ಬೀಸತೊಡಗುತ್ತದೆ.

ಇಲ್ಲಿಯ ಬಹುತೇಕ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕು. ಕೆಸರಿನಲ್ಲಿ ಟೈರು ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರಲು ಎಡೆಯಿಲ್ಲದೆ ಗೇರು, ಶಾಫ್ಟು ಬಿಗಿದುಕೊಳ್ಳುತ್ತವೆ. ಟಾರು ರಸ್ತೆ ಸೇರಿದೊಡನೆ ಫೋರ್ ವೀಲ್ ತೆಗೆಯಲೇಬೇಕು.

ಹೆಸರು ನೋಡಿ ಮೋಸಹೋಗಬೇಡಿ. ಮಹೀಂದ್ರ ಥಾರ್ 2023ರಿಂದ ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿಯಲ್ಲೂ ಬರುತ್ತಿದೆ. 2024ರಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್ ಬಂದಾಗ ಫೋರ್ ವೀಲ್ ಇದ್ದದ್ದು ಡೀಸೆಲ್ಲಿನಲ್ಲಿ ಮಾತ್ರ. ಐದು ಜನರ ಕುಟುಂಬ, ಜೊತೆಗೆ ಟ್ರೇಲರ್ ಎಂದಾದರೆ ಲೋ ಗೇರಿರುವ ಡೀಸೆಲ್ ರಾಕ್ಸ್ ಅಥವಾ ಸ್ಕಾರ್ಪಿಯೋ-ಎನ್ ನನಗೆ ಸರಿ ಕಾಣುತ್ತದೆ. ನಾಲ್ಕೇ ಜನ, ಟ್ರೇಲರ್ ಬೇಡ ಎನ್ನುವವರಿಗೆ ಜಿಮ್ನಿ ಧಾರಾಳ ಸಾಕು. ಎಳೆಯಬಹುದಾದ ತೂಕವನ್ನು ಕಂಪನಿಯ ಕೈಪಿಡಿಯಲ್ಲೇ ನೋಡಿಕೊಳ್ಳಿ. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು.

ಇನ್ನು ತಂಗುವ ಜಾಗ. ಕೆರೆಕಟ್ಟೆ ಕಡೆಯ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅಲ್ಲಿ ಮನಸ್ಸು ಬಂದಲ್ಲಿ ಟೆಂಟು ಹಾಕುವಂತಿಲ್ಲ. ಸ್ವಂತದ್ದೋ ನೆಂಟರದೋ ತೋಟದ ಮೇಲಿನ ಬ್ಯಾಣವೇ ವಾಸಿ. ಎನ್.ಆರ್. ಪುರದ ಬಳಿ ಭದ್ರಾ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಬಯಲಾಗುವ ದಂಡೆ ಎಲ್ಲರನ್ನೂ ಸೆಳೆಯುತ್ತದೆ. ಅಲ್ಲಿ ಮೇಲೆ ಬಿರುಕು ಬಿಟ್ಟ ಒಣ ಹೆಪ್ಪಳಿಕೆ ಕಂಡರೂ ಅಡಿಯಲ್ಲಿ ಹಸಿ ಜೇಡಿ ಇರಬಹುದು. ಕಾಲಿಟ್ಟರೆ ತಡೆಯುವ ಹೆಪ್ಪಳಿಕೆ ಎರಡೂವರೆ ಟನ್ನಿಗೆ ಒಡೆಯುತ್ತದೆ. ಆಕ್ಸಲ್‌ವರೆಗೆ ಹೂತ ಗಾಡಿಗೆ ಡಿಫರೆನ್ಷಿಯಲ್ ಲಾಕೂ ಇಲ್ಲ, ಲೋ ಗೇರೂ ಇಲ್ಲ. ಜೀಪು, ಟ್ರೇಲರ್ ಎರಡನ್ನೂ ಮೇಲಿನ ಗಟ್ಟಿ ಚರಲಿನಲ್ಲೇ ನಿಲ್ಲಿಸಿ, ಟೆಂಟನ್ನು ಹೊತ್ತುಕೊಂಡು ಇಳಿಯಿರಿ.