ನೋವು ಕೀಲಿನದು, ಸೋಲು ಸ್ನಾಯುವಿನದು

ಕಲಬುರಗಿಯಿಂದ ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಕಮಲಾಪುರದ ಶಾಲೆಗೆ ಓಡಾಡುತ್ತಿದ್ದ ದಿನಗಳವು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ವಾರಕ್ಕೆ ಮೂರು ದಿನವಾದರೂ ತಡವಾಗಿ ಬರುತ್ತಿದ್ದ. ಗದರಿಸಿದೆ. "ಅವ್ವಗ ಮುಂಜಾನಿ ಕೈ ಮುಚ್ಚಾಕ ಬರಂಗಿಲ್ರಿ ಸರ. ನೀರು ತುಂಬಿ, ತಂಗಿಗಿ ಜಡಿ ಹಾಕಿ ಬರ್ತೀನ್ರಿ" ಎಂದ. ಗದರಿಸಿದ್ದಕ್ಕೆ ನನಗೇ ನಾಚಿಕೆಯಾಯಿತು.

ಆ ತಾಯಿಗಿದ್ದದ್ದು ರುಮಟಾಯ್ಡ್ ಸಂಧಿವಾತ. ನಮ್ಮ ಕಡೆ ಎಲ್ಲ ಕೀಲುನೋವಿಗೂ 'ವಾಯು' ಎಂದೇ ಹೆಸರು. ಆದರೆ ವಯಸ್ಸಾದವರ ಮೊಣಕಾಲಿನ ಸವೆತ ಬೇರೆ, ಇದು ಬೇರೆ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಇಲ್ಲಿ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಸಾಮಾನ್ಯವಾಗಿ ಎರಡೂ ಕೈಗಳ ಗೆಣ್ಣು, ಮಣಿಕಟ್ಟುಗಳು ಊದುತ್ತವೆ. ಬೆಳಗಿನ ಬಿಗಿತ ತಾಸುಗಟ್ಟಲೆ ಬಿಡುವುದಿಲ್ಲ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ಕೀಲಿನ ಮಾತು ಎಲ್ಲರೂ ಆಡುತ್ತಾರೆ, ಸ್ನಾಯುವಿನದು ವಿರಳ. ನೋಯುವ ಕೀಲಿನ ಸುತ್ತಲ ಸ್ನಾಯು ಸೊರಗುವುದನ್ನು ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ 1873ರಲ್ಲಿಯೇ ಗುರುತಿಸಿದ್ದ. ಉರಿಯೂತ ಹಬ್ಬಿಸುವ ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-6 ಮುಂತಾದ ವಸ್ತುಗಳು ಕೀಲಿನಲ್ಲಿಯೇ ನಿಲ್ಲದೆ ರಕ್ತದೊಡನೆ ಹರಿದು ಸ್ನಾಯುವಿನ ಪ್ರೋಟೀನು ಕರಗಲು ಕಾರಣವಾಗುತ್ತವೆ. ನೋವಿಗೆ ಹೆದರಿ ಕುಳಿತರೆ ಸವಕಳಿ ಹೆಚ್ಚುತ್ತದೆ. ದೀರ್ಘಕಾಲದ ಸ್ಟೀರಾಯ್ಡ್ ಅದಕ್ಕೆ ಇನ್ನಷ್ಟು ಕೂಡಿಸುತ್ತದೆ. ವಿಚಿತ್ರವೆಂದರೆ ತೂಕ ಇಳಿಯದೇ ಇರಬಹುದು! ಸ್ನಾಯು ಕರಗಿದಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ. ತೊಗರಿ ಚೀಲದಿಂದ ಕಾಳು ತೆಗೆದು ಹೊಟ್ಟು ತುಂಬಿದಂತೆ. ಚೀಲ ಅಷ್ಟೇ ದಪ್ಪ, ಬೇಳೆ ಮಾತ್ರ ಕಡಿಮೆ. ಸಿ.ಟಿ. ಸ್ಕ್ಯಾನಿನಲ್ಲಿ ಇಂಥ ತೊಡೆಯ ಸ್ನಾಯು ಹೆಚ್ಚು ಕಪ್ಪಾಗಿ ಕಾಣುತ್ತದೆ. ಸ್ನಾಯುವಿನ ಗುಣಮಟ್ಟವೆಂದರೆ ಇದೇ: ಗಾತ್ರ ಎಷ್ಟೆಂಬುದಲ್ಲ, ಆ ಗಾತ್ರಕ್ಕೆ ತಕ್ಕ ಬಲವಿದೆಯೇ ಎಂಬುದು.

ಬಲ ಕುಂದಿದ್ದು ಮೊದಲು ತಿಳಿಯುವುದು ಅಡುಗೆಮನೆಯಲ್ಲಿ. ರೊಟ್ಟಿ ಬಡಿಯಲು ಅಂಗೈ ಏಳದು, ಕೊಡ ಜಾರುತ್ತದೆ, ನೆಲದಿಂದೇಳಲು ಗೋಡೆ ಬೇಕು. ಇದನ್ನು ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕುಳಿತರಾಯಿತು. ವಯಸ್ಸಾದವರ ಸ್ನಾಯುಕ್ಷಯಕ್ಕೆ ಏಷ್ಯಾದ ತಜ್ಞರು 2019ರಲ್ಲಿ ಇಟ್ಟ ಅಳತೆಯಂತೆ ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಎಚ್ಚರ ಬೇಕು. ಹೆಂಗಸರ ಕೈಹಿಡಿತ 18 ಕಿಲೋಗ್ರಾಂಗಿಂತ ಕಡಿಮೆಯಾದರೂ ಹಾಗೆಯೇ.

ಹಿಂದೆ ವೈದ್ಯರೂ ವಿಶ್ರಾಂತಿಯನ್ನೇ ಹೇಳುತ್ತಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ್ದರಲ್ಲಿ ನೆದರ್ಲೆಂಡ್ಸಿನ ಅಧ್ಯಯನವೊಂದು ಮುಖ್ಯ. ಸುಮಾರು 300 ರೋಗಿಗಳಲ್ಲಿ ಒಂದು ಗುಂಪು ಎರಡು ವರ್ಷ ಬಿರುಸಿನ ವ್ಯಾಯಾಮ ಮಾಡಿತು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ದೈನಂದಿನ ಚಟುವಟಿಕೆ ಸುಧಾರಿಸಿತು, ರೋಗ ಕೆರಳಲಿಲ್ಲ. ಮೊದಲೇ ದೊಡ್ಡ ಕೀಲುಗಳು ತೀರ ಹಾಳಾದವರು ಮಾತ್ರ ಜೋಪಾನವಾಗಿರಬೇಕು.

ವ್ಯಾಯಾಮವೊಂದರಿಂದಲೇ ರೋಗ ಹಿಡಿತಕ್ಕೆ ಬಾರದು. ಔಷಧಿ ಬೇಕೇ ಬೇಕು. ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಗುಳಿಗೆ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಓದು ಬಾರದ ತಾಯಂದಿರಿಗೆ ಆ ವಾರವನ್ನು ನೆನಪಿಸುವ ಕೆಲಸವನ್ನು ಮಕ್ಕಳು ವಹಿಸಿಕೊಳ್ಳಬಹುದು. ತಕ್ಷಣ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಅಡಗಿರಬಹುದೆಂಬುದೂ ನೆನಪಿರಲಿ.

ಹುಡುಗನ ಮನೆಗೆ ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಬೇಳೆ ವಾಯುವೆಂದು ಯಾರೋ ಬಿಡಿಸಿದ್ದರು! ತೊಗರಿಯ ನಾಡಿನಲ್ಲಿ ಆಕೆ ಬರೀ ರೊಟ್ಟಿ, ಖಾರ ಉಣ್ಣುತ್ತಿದ್ದರು. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ. ಸವೆಯುವ ಸ್ನಾಯುವಿಗೆ ಬೇಕಾದದ್ದೇ ಅದು. "ಡಾಕ್ಟರ್ರಿಗಿ ಕೇಳಿ ಬ್ಯಾಳಿ ಉಣ್ರಿ ತಾಯಿ" ಎಂದೆ.

ಕಲಬುರಗಿಯ ವೈದ್ಯರು ಔಷಧಿಯ ಜೊತೆಗೆ ಕುರ್ಚಿಯ ವ್ಯಾಯಾಮವನ್ನೂ ಬರೆದುಕೊಟ್ಟರು. ಮೊದಲ ದಿನ ಆಕೆ ಮೂರನೆಯ ಸಲಕ್ಕೇ ನಿಂತರಂತೆ. ಮಗ ಗಡಿಯಾರ ಹಿಡಿದು ಲೆಕ್ಕ ಹಾಕುತ್ತಿದ್ದ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಖಿನ ಸಮೇತ. ಮಳೆಗಾಲ ಮುಗಿಯುವ ಹೊತ್ತಿಗೆ ಐದೂ ಆದವು. ರೊಟ್ಟಿ ಬಡಿಯುವುದನ್ನು ಅಷ್ಟರಲ್ಲಿ ಹುಡುಗನೇ ಕಲಿತಿದ್ದ. "ದುಂಡಗ ಆಗಂಗಿಲ್ರಿ ಸರ, ಆದ್ರ ಅವ್ವ ಉಣ್ತಾಳ್ರಿ" ಎಂದ.