ವೈಯಕ್ತಿಕ ಗಣಕಯಂತ್ರಗಳ ಬೆಲೆ ಮತ್ತು ವಿಸ್ತರಣಾವಕಾಶ: ಒಂದು ತೌಲನಿಕ ವಿವೇಚನೆ

ತಾಳೆಯೋಲೆಯ ಕಟ್ಟಿನಲ್ಲಿ ಗರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವು. ದಾರ ಪೋಣಿಸುವ ರಂಧ್ರವೂ ಎಲ್ಲ ಗರಿಗಳಲ್ಲಿ ಒಂದೇ ಸ್ಥಾನದಲ್ಲಿರುತ್ತದೆ. ಆದುದರಿಂದ ಗರಿಯೊಂದು ಮುರಿದರೆ ಅದೇ ಅಳತೆಯ ಬೇರೊಂದು ಗರಿಯಲ್ಲಿ ಪಾಠವನ್ನು ಬರೆದು ಕಟ್ಟಿಗೆ ಸೇರಿಸಬಹುದು. ಅದನ್ನು ಮೂಲ ಲಿಪಿಕಾರನೇ ಬರೆಯಬೇಕೆಂಬ ನಿರ್ಬಂಧವಿಲ್ಲ. ಹೊಲಿದು ಬೆನ್ನುಕಟ್ಟಿದ ಕಾಗದದ ಪ್ರತಿಯಲ್ಲಿ ಈ ಸೌಕರ್ಯ ಅಷ್ಟಾಗಿ ಇಲ್ಲ. ವೈಯಕ್ತಿಕ ಗಣಕಯಂತ್ರಗಳ ಎರಡು ಮುಖ್ಯ ಪರಂಪರೆಗಳ ನಡುವಣ ಭೇದವೂ ಬಹುಮಟ್ಟಿಗೆ ಇದೇ ಸ್ವರೂಪದ್ದು. ಯಂತ್ರದ ಬೆಲೆಯೆಂದರೆ ಕೊಳ್ಳುವ ದಿನ ತೆರುವ ಹಣವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಯಂತ್ರವನ್ನು ಬಳಸುವಷ್ಟು ಕಾಲ ಅದಕ್ಕೆ ಸೇರಿಸಬೇಕಾದ, ಅಥವಾ ಸೇರಿಸಲಾಗದೆ ಹೋದುದರಿಂದ ಹೊಸತನ್ನೇ ಕೊಳ್ಳಬೇಕಾದ ಹಣವನ್ನೂ ಕೂಡಿಸಿದಾಗ ಮಾತ್ರ ನಿಜವಾದ ಬೆಲೆ ತಿಳಿಯುತ್ತದೆ.

೧೯೭೭ರಲ್ಲಿ ಆಪಲ್ ಸಂಸ್ಥೆ ‘ಆಪಲ್ ೨’ ಯಂತ್ರವನ್ನು ಹೊರತಂದಿತು. ೪ ಕಿಲೋಬೈಟ್ ಮೆಮೊರಿಯುಳ್ಳ ಮಾದರಿಯ ಬೆಲೆ ೧,೨೯೮ ಡಾಲರ್. ಅದರ ಮುಖ್ಯ ಫಲಕದ ಮೇಲೆ ಎಂಟು ಸ್ಲಾಟುಗಳಿದ್ದವು. ಸ್ಲಾಟ್ ಎಂದರೆ ಹೊಸ ಸಾಮರ್ಥ್ಯವನ್ನು ನೀಡುವ ಕಾರ್ಡನ್ನು ಕೂರಿಸುವ ಉದ್ದನೆಯ ಸಂದು. ಯಂತ್ರವನ್ನು ರೂಪಿಸಿದ ಸ್ಟೀವ್ ವೊಜ್ನಿಯಾಕ್ ಎಂಟು ಸ್ಲಾಟುಗಳು ಇರಲೇಬೇಕೆಂದರು. ಸ್ಟೀವ್ ಜಾಬ್ಸ್ ಎರಡು ಸಾಕೆಂದರು. ಮುಂದಿನ ದಶಕಗಳ ವಾದವೆಲ್ಲ ಈ ಭಿನ್ನಾಭಿಪ್ರಾಯದಲ್ಲಿ ಬೀಜರೂಪವಾಗಿ ಅಡಗಿದೆಯೆಂದರೆ ತಪ್ಪಾಗದು.

ಐಬಿಎಂ ಸಂಸ್ಥೆಯ ವೈಯಕ್ತಿಕ ಗಣಕ ೧೯೮೧ರ ಆಗಸ್ಟ್ ೧೨ರಂದು ಪ್ರಕಟವಾಯಿತು. ಅದರ ಆರಂಭದ ಬೆಲೆ ೧,೫೬೫ ಡಾಲರ್. ಆದರೆ ಆ ಹಣಕ್ಕೆ ದೊರೆಯುತ್ತಿದ್ದುದು ೧೬ ಕಿಲೋಬೈಟ್ ಮೆಮೊರಿ ಮಾತ್ರ. ಫ್ಲಾಪಿ ಡ್ರೈವಾಗಲಿ ಪರದೆಯಾಗಲಿ ಅದರಲ್ಲಿ ಸೇರಿರಲಿಲ್ಲ. ೬೪ ಕಿಲೋಬೈಟ್ ಮೆಮೊರಿ, ಒಂದು ಫ್ಲಾಪಿ ಡ್ರೈವ್, ಪರದೆ ಇವುಗಳೊಡನೆ ಬೆಲೆ ಸುಮಾರು ೩,೦೦೫ ಡಾಲರ್ ಆಗುವುದೆಂದು ಸಂಸ್ಥೆಯೇ ತಿಳಿಸಿತ್ತು. ಐದು ಸ್ಲಾಟುಗಳಲ್ಲಿ ಪರದೆಯ ಕಾರ್ಡು ಒಂದನ್ನೂ ಫ್ಲಾಪಿಯ ಕಾರ್ಡು ಇನ್ನೊಂದನ್ನೂ ಆಕ್ರಮಿಸುತ್ತಿದ್ದುದರಿಂದ ವಿಸ್ತರಣೆಗೆ ಉಳಿಯುತ್ತಿದ್ದವು ಮೂರೇ. ಜಾಹೀರಾತಿನ ಬೆಲೆಯೂ ಸ್ಲಾಟುಗಳ ಸಂಖ್ಯೆಯೂ ಬಿಡಿಯಾಗಿ ಪೂರ್ಣ ಸತ್ಯವನ್ನು ಹೇಳವು ಎಂಬುದಕ್ಕೆ ಇದು ನಿದರ್ಶನ.

ಆದರೂ ಐಬಿಎಂ ಯಂತ್ರಕ್ಕೆ ಒಂದು ವಿಶೇಷವಿತ್ತು. ಅದರ ವಿದ್ಯುನ್ಮಂಡಲಗಳ ನಕ್ಷೆಗಳನ್ನೂ, ಯಂತ್ರವನ್ನು ಚಾಲನೆಗೆ ತರುವ ಬಯೋಸ್ ಎಂಬ ಮೂಲ ಕ್ರಮವಿಧಿಯ ಪಾಠವನ್ನೂ ಸಂಸ್ಥೆ ತನ್ನ ತಾಂತ್ರಿಕ ಕೈಪಿಡಿಯಲ್ಲಿ ಮುದ್ರಿಸಿ ಪ್ರಕಟಿಸಿತು. ಇದರಿಂದ ಅನ್ಯರು ಕಾರ್ಡುಗಳನ್ನು ನಿರ್ಮಿಸಲು ಸಾಧ್ಯವಾಯಿತು. ಬಯೋಸ್ ಪಾಠದ ಹಕ್ಕು ಐಬಿಎಂ ಸಂಸ್ಥೆಯದೇ ಆಗಿದ್ದುದರಿಂದ ಕಾಂಪ್ಯಾಕ್ ಸಂಸ್ಥೆ ಅದನ್ನು ನಕಲು ಮಾಡದೆ, ಅದೇ ಕಾರ್ಯವನ್ನು ನಿರ್ವಹಿಸುವ ಹೊಸ ಪಾಠವನ್ನು ಸ್ವತಂತ್ರವಾಗಿ ಬರೆಯಿಸಿ, ೧೯೮೩ರಲ್ಲಿ ತನ್ನ ಯಂತ್ರವನ್ನು ೨,೯೯೫ ಡಾಲರಿಗೆ ಮಾರುಕಟ್ಟೆಗೆ ತಂದಿತು. ತರುವಾಯ ಇಂತಹ ಸಂವಾದಿ ಯಂತ್ರಗಳು ಬಹುಸಂಖ್ಯೆಯಲ್ಲಿ ಬಂದು ಸ್ಪರ್ಧೆಯಿಂದ ಬೆಲೆ ಇಳಿಯಿತು.

ಇದಕ್ಕೆ ವ್ಯತಿರಿಕ್ತವಾದುದು ೧೯೮೪ರ ಜನವರಿಯಲ್ಲಿ ಬಂದ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್. ಬೆಲೆ ೨,೪೯೫ ಡಾಲರ್, ೧೨೮ ಕಿಲೋಬೈಟ್ ಮೆಮೊರಿಯನ್ನು ಫಲಕಕ್ಕೆ ಬೆಸೆಯಲಾಗಿತ್ತು, ಸ್ಲಾಟುಗಳೇ ಇರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ೫೧೨ ಕಿಲೋಬೈಟಿನ ಮಾದರಿ ೩,೧೯೫ ಡಾಲರಿಗೆ ಬಂದಿತು. ಹಳೆಯ ಯಂತ್ರವನ್ನು ಆ ಮಟ್ಟಕ್ಕೇರಿಸಲು ಸಂಸ್ಥೆ ವಿಧಿಸಿದ ಶುಲ್ಕ ೯೯೫ ಡಾಲರ್. ಮೊದಲೇ ಕೊಂಡವನು ಒಟ್ಟು ೩,೪೯೦ ಡಾಲರ್ ತೆತ್ತಂತಾಯಿತು. ಎಂಟು ತಿಂಗಳು ಕಾದವನಿಗಿಂತ ೨೯೫ ಡಾಲರ್ ಹೆಚ್ಚು. ೧೯೮೬ರ ಮ್ಯಾಕಿಂಟಾಷ್ ಪ್ಲಸ್ ಮಾದರಿಯಲ್ಲಿ ಮೆಮೊರಿಯನ್ನು ಬದಲಿಸುವ ಅವಕಾಶವೂ, ೧೯೮೭ರ ಮ್ಯಾಕಿಂಟಾಷ್ ೨ರಲ್ಲಿ ಆರು ಸ್ಲಾಟುಗಳೂ ಬಂದವು. ಮುಚ್ಚಿದ ರಚನೆ ಸಾಲದೆಂಬುದನ್ನು ಸಂಸ್ಥೆಯೇ ಕಾರ್ಯತಃ ಒಪ್ಪಿತೆಂದು ಇದರಿಂದ ಊಹಿಸಬಹುದು.

ಸ್ಲಾಟ್ ಇದ್ದರೆ ಸಾಲದು. ಅದರ ಅಳತೆ ಮುಂದಿನ ಯಂತ್ರದಲ್ಲಿಯೂ ಉಳಿಯಬೇಕು. ೧೯೮೪ರ ಪಿಸಿ-ಎಟಿ ಯಂತ್ರದಲ್ಲಿ ಐಬಿಎಂ ಹಳೆಯ ಸ್ಲಾಟಿಗೆ ಹೊಸ ಭಾಗವೊಂದನ್ನು ಜೋಡಿಸಿ ಉದ್ದಗೊಳಿಸಿದ್ದರಿಂದ ಬಹುತೇಕ ಹಳೆಯ ಕಾರ್ಡುಗಳು ಅದರಲ್ಲಿಯೂ ನಡೆದವು. ೧೯೮೭ರ ಪಿಎಸ್-೨ ಶ್ರೇಣಿಯ ಮೇಲಿನ ಮಾದರಿಗಳಲ್ಲಿ ಮೈಕ್ರೋಚಾನೆಲ್ ಎಂಬ ಹೊಸ ಸ್ಲಾಟನ್ನು ಅಳವಡಿಸಿದಾಗ ಹಳೆಯ ಕಾರ್ಡುಗಳಿಗೆ ಅಲ್ಲಿ ಸ್ಥಳವಿಲ್ಲವಾಯಿತು. ತಾಂತ್ರಿಕವಾಗಿ ಅದು ಉತ್ತಮವಾಗಿತ್ತು. ಆದರೂ ೧೯೮೮ರಲ್ಲಿ ಕಾಂಪ್ಯಾಕ್ ಮೊದಲಾದ ಒಂಬತ್ತು ಸಂಸ್ಥೆಗಳು ಕೂಡಿ, ಹಳೆಯ ಕಾರ್ಡುಗಳನ್ನೂ ಸ್ವೀಕರಿಸುವ ಬೇರೊಂದು ಮಾನಕವನ್ನು ಘೋಷಿಸಿದವು. ಮೈಕ್ರೋಚಾನೆಲ್ ಕ್ರಮೇಣ ಲುಪ್ತವಾಯಿತು.

ತೆರೆದ ಸ್ಲಾಟಿನ ಪ್ರಯೋಜನ ಭಾರತೀಯ ಲಿಪಿಗಳಿಗೂ ಲಭಿಸಿದುದು ಗಮನಾರ್ಹ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದ ಕಾರ್ಡನ್ನು ಐಬಿಎಂ ಸಂವಾದಿ ಯಂತ್ರದಲ್ಲಿ ಕೂರಿಸಿದರೆ, ಇಂಗ್ಲಿಷಿಗಾಗಿ ರಚಿತವಾಗಿದ್ದ ಡಾಸ್ ತಂತ್ರಾಂಶಗಳಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಬಳಸಲು ಸಾಧ್ಯವಾಗುತ್ತಿತ್ತು. ಯಂತ್ರವನ್ನು ನಿರ್ಮಿಸಿದವರು ಕಲ್ಪಿಸದ ಉಪಯೋಗವನ್ನು ಅನ್ಯರು ಸೇರಿಸಿದರು. ಮ್ಯಾಕಿಂಟಾಷ್ ಅಕ್ಷರಗಳನ್ನು ಚಿತ್ರರೂಪವಾಗಿಯೇ ಪರದೆಗೆ ತರುತ್ತಿದ್ದುದರಿಂದ ಅಲ್ಲಿ ಕಾರ್ಡಿಲ್ಲದೆ ಅಕ್ಷರವಿನ್ಯಾಸದ ತಂತ್ರಾಂಶದಿಂದಲೇ ಹೊಸ ಲಿಪಿಯನ್ನು ಮೂಡಿಸಬಹುದಿತ್ತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಈಚಿನ ಸ್ಥಿತಿಯಲ್ಲಿ ಭೇದ ಮತ್ತಷ್ಟು ಸ್ಪಷ್ಟವಾಗಿದೆ. ೨೦೨೦ರಿಂದ ಆಪಲ್ ತನ್ನದೇ ಎಂ ಶ್ರೇಣಿಯ ಪ್ರೊಸೆಸರುಗಳನ್ನು ಬಳಸುತ್ತಿದ್ದು, ಮೆಮೊರಿಯನ್ನು ಅವುಗಳ ಜೊತೆಯಲ್ಲಿಯೇ ಅಡಕಗೊಳಿಸಿದೆ. ಇದರಿಂದ ವೇಗ ಹೆಚ್ಚಿ ವಿದ್ಯುತ್ತಿನ ಬಳಕೆ ತಗ್ಗಿತು. ಮೆಮೊರಿಯನ್ನು ಹೆಚ್ಚಿಸುವ ದಾರಿ ಮುಚ್ಚಿತು. ಸ್ಲಾಟುಗಳುಳ್ಳ ೨೦೨೩ರ ಮ್ಯಾಕ್ ಪ್ರೊ ಯಂತ್ರಕ್ಕೂ ಮೆಮೊರಿಯನ್ನು ಸೇರಿಸಲಾಗದು. ೨೦೨೪ರ ಮ್ಯಾಕ್ ಮಿನಿ ೧೬ ಗಿಗಾಬೈಟ್ ಮೆಮೊರಿಯೊಡನೆ ೫೯೯ ಡಾಲರಿಗೆ ಬಂದಿತು. ೮ ಗಿಗಾಬೈಟ್ ಹೆಚ್ಚು ಬೇಕಾದರೆ ಇನ್ನೂ ೨೦೦ ಡಾಲರನ್ನು ಕೊಳ್ಳುವ ದಿನವೇ ತೆರಬೇಕಾಗಿತ್ತು. ಇನ್ನೊಂದು ಪರಂಪರೆಯಲ್ಲಿ, ಎಎಂಡಿ ಸಂಸ್ಥೆಯ ಎಎಂ-೪ ಜೋಡಣೆಯುಳ್ಳ ೨೦೧೭ರ ಹಲವು ಫಲಕಗಳಿಗೆ, ೨೦೨೨ರಲ್ಲಿ ಬಂದ ಬಯೋಸ್ ಪರಿಷ್ಕರಣದಿಂದಾಗಿ, ೨೦೨೦ರ ಪ್ರೊಸೆಸರುಗಳೂ ಹೊಂದಿಕೊಂಡವು. ಆದರೆ ಈ ಗುಣ ಮೇಜಿನ ಗಣಕಗಳಲ್ಲಿ ಕಾಣುವಷ್ಟು ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಕಾಣದು. ಅವುಗಳಲ್ಲಿ ಅನೇಕವು ಬೆಸೆದ ಮೆಮೊರಿಯವೇ ಆಗಿವೆ.

ತಂತ್ರಾಂಶವೂ ಯಂತ್ರದ ಆಯುಸ್ಸನ್ನು ನಿರ್ಧರಿಸುತ್ತದೆ. ಆಪಲ್ ತನ್ನ ಮ್ಯಾಕಿಂಟಾಷ್ ಪ್ರೊಸೆಸರುಗಳ ಕುಲವನ್ನೇ ೧೯೯೪, ೨೦೦೬, ೨೦೨೦ ಹೀಗೆ ಮೂರು ಬಾರಿ ಬದಲಿಸಿತು. ಐಬಿಎಂ ಸಂವಾದಿ ಯಂತ್ರಗಳಲ್ಲಿ ಮೊದಲಿನ ಕುಲವೇ ಮುಂದುವರಿದಿದೆ. ಆದರೂ ೨೦೨೧ರ ವಿಂಡೋಸ್ ೧೧ ಭದ್ರತೆಗೆ ಸಂಬಂಧಿಸಿದ ಹೊಸ ಅಂಗವನ್ನೂ ಈಚಿನ ಪ್ರೊಸೆಸರನ್ನೂ ಕಡ್ಡಾಯಗೊಳಿಸಿತು. ವಿಂಡೋಸ್ ೧೦ಕ್ಕೆ ಇದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಇದರಿಂದ, ಸ್ಲಾಟುಗಳೆಲ್ಲ ಸುಸ್ಥಿತಿಯಲ್ಲಿದ್ದ ಎಷ್ಟೋ ಯಂತ್ರಗಳು ಹೊಸ ವ್ಯವಸ್ಥೆಗೆ ಅನರ್ಹವಾದವು.

ಮೇಲ್ಕಂಡ ವಿವರಗಳಿಂದ ಫಲಿಸುವುದಿಷ್ಟು. ಮುಚ್ಚಿದ ಯಂತ್ರವನ್ನು ಕೊಳ್ಳುವವರು ಅದರ ಇಡೀ ಬಳಕೆಯ ಅವಧಿಗೆ ಬೇಕಾಗುವ ಮೆಮೊರಿಯನ್ನು ಮೊದಲ ದಿನವೇ ನಿಶ್ಚಯಿಸಬೇಕು. ತೆರೆದ ಯಂತ್ರವನ್ನು ಕೊಳ್ಳುವವರು ಸದ್ಯಕ್ಕೆ ಸಾಕಾದಷ್ಟನ್ನೇ ಕೊಂಡು, ಅದರ ಜೋಡಣೆಯ ಮಾನಕ ಇನ್ನೆಷ್ಟು ಕಾಲ ಬಳಕೆಯಲ್ಲಿರುವುದೆಂಬುದನ್ನು ವಿಚಾರಿಸಬೇಕು. ಓಲೆಗಳ ಛಾಯಾಪ್ರತಿಗಳನ್ನೂ ಗ್ರಂಥಸೂಚಿಗಳನ್ನೂ ಗಣಕದಲ್ಲಿರಿಸುವ ಭಂಡಾರಗಳಿಗೆ ಮೂರನೆಯದೊಂದು ವಿಷಯವೂ ಮುಖ್ಯ: ಯಾವ ಪರಂಪರೆಯ ಯಂತ್ರವಾದರೂ ಒಂದು ದಿನ ಕೈಬಿಡುತ್ತದೆ. ಆದುದರಿಂದ ಸಾಮಗ್ರಿಯು ಎರಡೂ ಪರಂಪರೆಗಳ ಯಂತ್ರಗಳು ಓದಬಲ್ಲ ರೂಪದಲ್ಲಿರಬೇಕು. ಅದರ ಪ್ರತಿಗಳು ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿರಬೇಕು. ಇದಕ್ಕೆ ತಗಲುವ ವೆಚ್ಚವನ್ನೂ ಯಂತ್ರದ ಬೆಲೆಯಲ್ಲಿಯೇ ಸೇರಿಸಿ ಎಣಿಸುವುದು ಯುಕ್ತ.