ಎರೆಭೂಮಿಯಲ್ಲಿ ನೆಲಮಾಳಿಗೆ: ಕಟ್ಟಡ ನಿಯಮಗಳ ಅರ್ಥ ಮತ್ತು ಅನ್ವಯ

ಮನೆಯ ಅಡಿಯಲ್ಲಿ, ಪೂರ್ಣವಾಗಿಯಾಗಲಿ ಭಾಗಶಃವಾಗಲಿ, ನೆಲಮಟ್ಟಕ್ಕಿಂತ ಕೆಳಗಿರುವ ಅಂತಸ್ತನ್ನು ನೆಲಮಾಳಿಗೆ ಎನ್ನುವರು. ನಿವೇಶನಗಳು ಕಿರಿದಾಗಿ ಬೆಲೆ ಹಿರಿದಾದಂತೆ, ಕಲಬುರಗಿ ನಗರದಲ್ಲಾಗಲಿ ಹುಮನಾಬಾದಿನ ದಾರಿಯ ಕಮಲಾಪುರದಲ್ಲಾಗಲಿ, ಇಂಥ ಕೋಣೆಗೆ ಗಿಲಾವು ಮಾಡಿಸಿ, ಫರಸಿ ಹಾಸಿ, ಅದನ್ನು ವಾಸಕ್ಕೋ ಓದುಕೋಣೆಗೋ ಬಳಸಬೇಕೆಂಬ ಹಂಬಲ ಹುಟ್ಟುವುದು ಸಹಜ. ಹಾಗೆ ಮಾಡುವಾಗ ಪಾಲಿಸಬೇಕಾದ ನಿಯಮಗಳಾವುವು, ಅವುಗಳ ಹಿಂದಿರುವ ಕಾರಣಗಳಾವುವು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಭೂಮಿಯೊಳಗೆ ಅವಕಾಶವನ್ನು ನಿರ್ಮಿಸಿಕೊಳ್ಳುವುದು ಈ ಸೀಮೆಗೆ ಹೊಸತಲ್ಲ. ಜೋಳವನ್ನು ತುಂಬಿಡುವ ಹಗೇವುಗಳನ್ನು ಉತ್ತರ ಕರ್ನಾಟಕದ ರೈತರು ತಲೆಮಾರುಗಳಿಂದ ಬಲ್ಲರು. ನೀರು ನಿಲ್ಲದ ಎತ್ತರದ ಗಟ್ಟಿ ನೆಲದಲ್ಲಿ ಹಗೇವನ್ನು ತೋಡಬೇಕು. ತೆರೆದೊಡನೆ ಒಳಗಿಳಿಯದೆ, ಬಾಯಿಯನ್ನು ಕೆಲಕಾಲ ತೆರೆದಿಟ್ಟು, ದೀಪವನ್ನು ಇಳಿಬಿಟ್ಟು ಪರೀಕ್ಷಿಸಬೇಕು. ಇವು ಹಿರಿಯರ ಕಟ್ಟಳೆಗಳು. ಮುಚ್ಚಿದ ಗುಣಿಯಲ್ಲಿ ಧಾನ್ಯದ ಉಸಿರಾಟದಿಂದ ಆಮ್ಲಜನಕವು ಕುಗ್ಗಿ ಇಂಗಾಲದ ಡೈಆಕ್ಸೈಡು ಹೆಚ್ಚುವುದೇ ಈ ಎಚ್ಚರಿಕೆಗೆ ಕಾರಣ. ನೀರು ಒಳಬರಬಾರದು, ಗಾಳಿ ಕೆಡಬಾರದು, ಒಳಹೋದವನು ಹೊರಬರಲು ಸಾಧ್ಯವಾಗಬೇಕು: ಇಂದಿನ ನಿಯಮಗಳ ಸಾರವೂ ಇದೇ ಆಗಿದೆ.

1. ನಿಯಮಗಳ ಆಧಾರ

ಭಾರತೀಯ ಮಾನಕ ಸಂಸ್ಥೆಯ ರಾಷ್ಟ್ರೀಯ ಕಟ್ಟಡ ಸಂಹಿತೆಯು ಮೊದಲು 1970ರಲ್ಲಿ ಪ್ರಕಟವಾಗಿ, 1983, 2005 ಮತ್ತು 2016ರಲ್ಲಿ ಪರಿಷ್ಕೃತವಾಯಿತು. ಸಂಹಿತೆಯು ಸಲಹಾರೂಪದ್ದು, ಸ್ಥಳೀಯ ಸಂಸ್ಥೆಗಳ ಉಪವಿಧಿಗಳ ಮೂಲಕವೇ ಅದಕ್ಕೆ ಶಾಸನಬಲ ಬರುತ್ತದೆ. ಕಲಬುರಗಿಯ ಮಹಾನಗರ ಪಾಲಿಕೆಗೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮವು ಅನ್ವಯಿಸುತ್ತದೆ. ಕಮಲಾಪುರದಲ್ಲಿ ಅಲ್ಲಿನ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು.

ಸಂಹಿತೆಯ ಪ್ರಕಾರ ನೆಲಮಾಳಿಗೆಯ ಎತ್ತರವು ಎಲ್ಲಿಯೂ 2.4 ಮೀಟರಿಗೆ ಕಡಮೆಯಿರಕೂಡದು. ಅದರ ಚಾವಣಿಯು ಸುತ್ತಣ ನೆಲದಿಂದ ಕನಿಷ್ಠ 0.9 ಮೀಟರು, ಗರಿಷ್ಠ 1.2 ಮೀಟರು ಮೇಲಿರಬೇಕು. ವಾಸದ ಕೋಣೆಗಾದರೋ 2.75 ಮೀಟರು ಎತ್ತರ ಬೇಕು. ಈ ಎರಡು ಅಂಕೆಗಳ ಅಂತರವೇ ನೆಲಮಾಳಿಗೆಯು ಸ್ವಭಾವತಃ ವಾಸಗೃಹವಲ್ಲವೆಂದು ಸೂಚಿಸುತ್ತದೆ. ಬೇಗ ಹೊತ್ತಿಕೊಳ್ಳದ ಸರಕಿನ ದಾಸ್ತಾನು, ಭದ್ರಕೋಣೆ, ಕಟ್ಟಡದ ಯಂತ್ರೋಪಕರಣ, ವಾಹನಗಳ ನಿಲುಗಡೆ ಇವು ಅದರ ಸಾಮಾನ್ಯ ಉಪಯೋಗಗಳು.

2. ಮಣ್ಣು ಮತ್ತು ನೀರು

ನಮ್ಮ ಪ್ರದೇಶದ ಮುಖ್ಯ ಸಮಸ್ಯೆ ಎರೆಮಣ್ಣು. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜವು ನೀರನ್ನು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ತತ್ಪರಿಣಾಮವಾಗಿ ಗೋಡೆಯ ಮೇಲೆ ಪಾರ್ಶ್ವ ಒತ್ತಡವು ವರ್ಷವರ್ಷವೂ ಏರಿಳಿಯುತ್ತದೆ. ಆಳವಾದ ಎರೆಭೂಮಿಯಲ್ಲಿ ಹೂಳುಗಂಬಗಳು ಕನಿಷ್ಠ 3.5 ಮೀಟರು ಇಳಿದಿರಬೇಕೆಂದು ಮಾನಕವು ವಿಧಿಸಿರುವುದು ಈ ಚಲನೆಯ ಆಳವನ್ನು ಗಮನಿಸಿಯೇ. ಆದಕಾರಣ ಮಾಮೂಲು ನೆಲಮಾಳಿಗೆಯ ಗೋಡೆಯು ಬಹುಮಟ್ಟಿಗೆ ಈ ಚಂಚಲ ವಲಯದಲ್ಲಿಯೇ ನಿಲ್ಲುತ್ತದೆ.

ಮಣ್ಣಿನ ಗುಣವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಅರಿಯಬಹುದು. 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಒಣಮಣ್ಣನ್ನು 10 ಗ್ರಾಮಿನಂತೆ ಎರಡು ಅಳತೆಯ ನಳಿಗೆಗಳಿಗೆ ಹಾಕಿ, ಒಂದಕ್ಕೆ ಬಟ್ಟಿಯಿಳಿಸಿದ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಎರಡರ ಗಾತ್ರವ್ಯತ್ಯಾಸವೇ ಉಬ್ಬುವಿಕೆಯ ಮಾನ. ಎರೆಯ ಆಳವು ನಿವೇಶನದಿಂದ ನಿವೇಶನಕ್ಕೆ ಬೇರೆಯಾಗುವುದರಿಂದ ಪರೀಕ್ಷಾಗುಂಡಿ ತೋಡುವುದು ಅವಶ್ಯ.

ಎರೆಮಣ್ಣು ನೀರನ್ನು ಸುಲಭವಾಗಿ ಬಸಿಯಗೊಡುವುದಿಲ್ಲ. ಗೋಡೆಯ ಹೊರಗೆ ಸಡಿಲವಾಗಿ ತುಂಬಿದ ಅಗೆತದಲ್ಲಿ ಮಳೆನೀರು ಸೇರಿದರೆ ಅದು ಬಾವಿಯಂತೆ ನಿಲ್ಲುತ್ತದೆ. ಇದರ ಬಲವನ್ನು ಲೆಕ್ಕಿಸೋಣ. 15 ಸೆಂಟಿಮೀಟರು ದಪ್ಪದ ಕಾಂಕ್ರೀಟು ಹಾಸು ಚದರ ಮೀಟರಿಗೆ ಸುಮಾರು 360 ಕಿಲೋಗ್ರಾಂ ತೂಗುತ್ತದೆ. ಅದರ ತಳದಿಂದ ನೀರು 2 ಮೀಟರು ಏರಿ ನಿಂತರೆ ಮೇಲ್ಮುಖ ಒತ್ತಡವು ಚದರ ಮೀಟರಿಗೆ 2,000 ಕಿಲೋಗ್ರಾಂ ಆಗುತ್ತದೆ. ಹಾಸಿನ ಭಾರವನ್ನು ಸರಿದೂಗಿಸಲು 36 ಸೆಂಟಿಮೀಟರು ನೀರೇ ಸಾಕು. ಒಳಗೋಡೆಗೆ ಬಳಿದ ಗಿಲಾವಾಗಲಿ ಬಣ್ಣವಾಗಲಿ ಇಂಥ ಒತ್ತಡವನ್ನು ತಡೆಯಲಾರದು. ಹಾಸು ಮತ್ತು ಗೋಡೆಗಳೆರಡೂ ಉಕ್ಕಿನ ಸರಳುಗಳಿಂದ ಒಂದಾಗಿ ಬೆಸೆದಿರಬೇಕು, ಜಲನಿರೋಧವು ಹೊರಮೈಗಿರಬೇಕು.

ಇದಕ್ಕೆ ನಮ್ಮ ಜಿಲ್ಲೆಯ ಕಲ್ಲೇ ಒದಗಿಬಂದಿದೆ. ಒರಟು ಶಹಾಬಾದ್ ಫರಸಿಗಳನ್ನು ಹಾಸಿನ ಅಡಿಗೂ ಗೋಡೆಯ ಹೊರಮೈಗೂ ಸಿಮೆಂಟು ಗಾರೆಯಲ್ಲಿ ಕೂರಿಸಿ, ಸಂದುಗಳನ್ನು ತುಂಬಿ, ಇಡೀ ನೆಲಮಾಳಿಗೆಯನ್ನು ಪೆಟ್ಟಿಗೆಯಂತೆ ಸುತ್ತುವರಿಯುವ ಕ್ರಮವು ದೇಶದ ಹಲವೆಡೆ ರೂಢಿಯಲ್ಲಿದೆ. ಹೊರಗಿನ ಅಗೆತವನ್ನು ಎರೆಯಿಂದ ತುಂಬದೆ ಮೊರಂ ಎನ್ನುವ ಗರಸಿನಿಂದ ತುಂಬಿ, ಬಸಿಗಾಲುವೆಗೆ ಇಳಿಜಾರು ಕೊಡಬೇಕು. ಕಟ್ಟಿ ಮುಗಿದ ಮೇಲೆ ಈ ಕೆಲಸ ಬಹು ಕಷ್ಟ.

3. ಗಾಳಿ ಮತ್ತು ಹೊರದಾರಿ

ಶುಷ್ಕೋಷ್ಣ ಹವೆಯಲ್ಲಿ ಕೋಣೆಯ ಕಿಟಕಿಗಳ ವಿಸ್ತಾರವು ನೆಲದ ಹತ್ತನೆಯ ಒಂದು ಪಾಲಾದರೂ ಇರಬೇಕು. 20 ಚದರ ಮೀಟರಿನ ಕೋಣೆಗೆ 2 ಚದರ ಮೀಟರು ಬೇಕು. ನೆಲದ ಮೇಲೆ 0.6 ಮೀಟರು ಎತ್ತರದ ಕಿಂಡಿಗಳಿಗಷ್ಟೇ ಅವಕಾಶವಿದ್ದರೆ, ಅವುಗಳ ಒಟ್ಟು ಉದ್ದವು 3.3 ಮೀಟರಿಗೆ ಮೀರಬೇಕಾಗುತ್ತದೆ. ಕೊರತೆ ಬಿದ್ದಲ್ಲಿ 50 ಚದರ ಮೀಟರಿಗೊಂದರಂತೆ ಗಾಳಿ ಹೊರದೂಡುವ ಫ್ಯಾನನ್ನು ಸಂಹಿತೆಯು ಹೇಳುತ್ತದೆ. ಮೇಲಂತಸ್ತಿನ ಮೆಟ್ಟಲುಗಳಿಂದ ಪ್ರತ್ಯೇಕವಾದ ದಾರಿಯೂ ಇರಬೇಕು.

ಅಮೆರಿಕದ ಶೀತಪ್ರದೇಶಗಳಲ್ಲಿ ಹೆಪ್ಪುಗಟ್ಟುವ ನೆಲದ ಕೆಳಗೆ ತಳಪಾಯ ಇಳಿಸಬೇಕಾದುದರಿಂದ ನೆಲಮಾಳಿಗೆಯು ಮನೆಯ ಅಂಗವೇ ಆಗಿದೆ. ಅಲ್ಲಿ ಅದನ್ನು ವಾಸಯೋಗ್ಯ ಮಾಡಲು ಅವಕಾಶವಿದ್ದರೂ, ಮಲಗುವ ಪ್ರತಿ ಕೋಣೆಗೂ 5.7 ಚದರ ಅಡಿಯ, ನೆಲದಿಂದ 44 ಅಂಗುಲ ಮೀರದ ತುರ್ತು ಕಿಟಕಿಯನ್ನು ಅವರ ಮಾದರಿ ಸಂಹಿತೆಯು ಕೇಳುತ್ತದೆ.

ಇದು ಬರಿಯ ವಿಧಿಯ ಮಾತಲ್ಲ. 2024ರ ಜುಲೈ 27ರಂದು ದೆಹಲಿಯ ಹಳೇ ರಾಜೇಂದ್ರ ನಗರದಲ್ಲಿ, ದಾಸ್ತಾನಿಗೆಂದು ಅನುಮತಿ ಪಡೆದಿದ್ದ ನೆಲಮಾಳಿಗೆಯು ಗ್ರಂಥಾಲಯವಾಗಿ ಬಳಕೆಯಾಗುತ್ತಿದ್ದಾಗ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮೃತರಾದರು. ವಿದ್ಯಾರ್ಥಿಗಳು ಹೆಚ್ಚಾಗಿ ಬಂದು ನೆಲೆಸುವ ಕಲಬುರಗಿಯಂಥ ನಗರಕ್ಕೆ ಇದು ಸಾಲುವಷ್ಟು ಪಾಠ.

4. ಉಪಸಂಹಾರ

ನೆಲಮಾಳಿಗೆಯನ್ನು ಅಣಿಗೊಳಿಸುವವರು ಮೊದಲು ಮಂಜೂರಾದ ನಕ್ಷೆಯಲ್ಲಿ ಅದರ ಉಪಯೋಗವೇನೆಂದು ನೋಡತಕ್ಕದ್ದು. ಬಳಿಕ ಒಂದು ಪೂರ್ಣ ಮಳೆಗಾಲದಲ್ಲಿ ಗೋಡೆ, ಹಾಸುಗಳ ತೇವವನ್ನು ಗಮನಿಸತಕ್ಕದ್ದು. ಅನಂತರ ಗಾಳಿ, ಹೊರದಾರಿಗಳನ್ನು ಅಳೆದು, ಉಪಯೋಗ ಬದಲಿಸುವುದಾದರೆ ಹೊಸ ಅನುಮತಿ ಪಡೆಯತಕ್ಕದ್ದು. ಗಿಲಾವು, ಬಣ್ಣಗಳ ಸರದಿ ಕಟ್ಟಕಡೆಯದು. ಈ ಕ್ರಮವು ತಲೆಕೆಳಗಾದಲ್ಲಿ ಅಂದವಾದ ಕೋಣೆಯು ಹಗೇವಿಗಿಂತಲೂ ಅಪಾಯಕರವಾದೀತು. ಏಕೆಂದರೆ ಹಗೇವಿಗೆ ಇಳಿಯುವವನು ಎಚ್ಚರದಿಂದಲೇ ಇಳಿಯುತ್ತಾನೆ.